ಕಾಲು ಮಡಚಿ ಕೂತ ಬ್ರೇಕ್ ಇನ್‌ಸ್ಪೆಕ್ಟರ್

ಸೋಮವಾರ, ಜುಲೈ ೧೪
ಅಪ್ಪನ ಮನೆ, ಊಟದ ಮೇಜಿನ ಮೇಲೆ

ಪ್ರೀತಿಯ ಗಡಿಬಿಡಿ,

ಹೇಗಿದ್ದೀಯ? ಅತ್ತೆಯ ಮೊಣಕಾಲು ಹೇಗಿದೆ? ಬಿಸಿನೀರಿನ ಶಾಖ ಕೊಡುವುದನ್ನು ನಿಲ್ಲಿಸಬೇಡಿ ಎಂದು ನಾನು ಹೇಳಿದೆ ಅಂತ ಹೇಳು. ಎರಡು ದಿನಕ್ಕೆಂದು ಮಗುವನ್ನು ಕಟ್ಟಿಕೊಂಡು ಬಂದವಳು ಮೂರನೇ ವಾರಕ್ಕೆ ಕಾಲಿಟ್ಟಿದ್ದೇನೆ. ನಿನ್ನೆಯಿಂದ ನಿನ್ನ ಒಂದು ಫೋನನ್ನೂ ಎತ್ತಿಲ್ಲ, ಮೆಸೇಜು ತೆರೆದೂ ನೋಡಿಲ್ಲ. ನೀಲಿ ಗೆರೆ ಬೀಳಲಿಲ್ಲವೆಂದು ನೀನು ಅತ್ತಿಂದಿತ್ತ ಚಡಪಡಿಸುತ್ತಿರುತ್ತೀಯ, ಗೊತ್ತು. ಉತ್ತರ ತಡವಾಯಿತು, ಕ್ಷಮಿಸು. ಈ ಮಾತನ್ನು ಕಾಗದದಲ್ಲಿ ಇನ್ನೊಮ್ಮೆ ಬರೆಯುವುದಿಲ್ಲ, ಆದ್ದರಿಂದ ಸಿಕ್ಕಾಗಲೇ ಇಟ್ಟುಕೋ.

ಇದೇನು ಇವಳು ಕಾಗದ ಬರೆಯುತ್ತಿದ್ದಾಳೆ ಅನ್ನುತ್ತೀಯ. ಚಾಟಿನಲ್ಲಿ ಬರೆದರೆ ನಾನು ಮೂರನೇ ಸಾಲು ಟೈಪ್ ಮಾಡುವಷ್ಟರಲ್ಲಿ ನೀನು ಮೊದಲನೇ ಸಾಲಿಗೆ ಹೆಬ್ಬೆರಳಿನ ಚಿತ್ರ ಒತ್ತಿ ಮುಗಿಸಿರುತ್ತೀಯ. ಇದು ಹಾಗೆ ಮುಗಿಯುವ ವಿಷಯ ಅಲ್ಲ. ಟಿವಿ ಆರಿಸಿ, ಕೂತು, ಕೊನೆಯವರೆಗೆ ಓದು.

ವಿಷಯ ಇಷ್ಟು. ಅಪ್ಪನನ್ನು ಕೆಲಸದಿಂದ ಮನೆಗೆ ಕಳಿಸಿದ ಆದೇಶದ ವಿರುದ್ಧ ಮನವಿ ಕೊಡಲು ಈ ಶುಕ್ರವಾರ ಕೊನೆಯ ದಿನ. ಮನವಿ ಸಿದ್ಧವಾಗಿದೆ. ನಾನೇ ಬರೆದು, ಟೈಪ್ ಮಾಡಿಸಿ, ಮೂರು ಪ್ರತಿ ತೆಗೆಸಿ ಇಟ್ಟಿದ್ದೇನೆ. ಅದರ ಕೆಳಗೆ ಅಪ್ಪನ ಸಹಿಯೊಂದು ಬೀಳಬೇಕು. ಅಪ್ಪ ಸಹಿ ಹಾಕುತ್ತಿಲ್ಲ. ಯಾಕೆ ಎಂದು ಕೊನೆಯಲ್ಲಿ ಬರೆಯುತ್ತೇನೆ. ಈಗಲೇ ಬರೆದರೆ ಉಳಿದದ್ದನ್ನು ನೀನು ಓದುವುದಿಲ್ಲ, ನಾನೂ ಬರೆಯಲಾರೆ.

ಆವತ್ತು ಏನಾಯಿತೆಂದು ನಿನಗೆ ಫೋನಿನಲ್ಲಿ ತುಂಡುತುಂಡಾಗಿ ಹೇಳಿದ್ದೆ. ನಾನು ಅಳುತ್ತಾ ಹೇಳಿದೆ, ನೀನು "ಹೂಂ, ಹೂಂ" ಅನ್ನುತ್ತಾ ಕೇಳಿದೆ. ಈಗ ಪೂರ್ತಿ ಕೇಳು. ಇದನ್ನೆಲ್ಲ ಹೇಳಿದ್ದು ಅಪ್ಪ ಅಲ್ಲ, ಅವನ ಕಚೇರಿಯ ಗಂಟೆ ಮಾಮ. ಊಟದ ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸುವ ಅಟೆಂಡರ್. ಆದೇಶದ ಲಕೋಟೆಯನ್ನು ಡ್ರೈವಿಂಗ್ ಟೆಸ್ಟ್ ಮೈದಾನಕ್ಕೆ ತೆಗೆದುಕೊಂಡು ಹೋಗುವ ಪಾಪದ ಕೆಲಸ ಅವನ ಪಾಲಿಗೇ ಬಿತ್ತು.

ಅಪ್ಪ ಹೇಗೆ ಟೆಸ್ಟ್ ಮಾಡುತ್ತಾನೆ ಎಂದು ನಿನಗೆ ಹೇಳಬೇಕಾಗಿಲ್ಲ, ನೀನು ಎರಡು ಸಲ ಅನುಭವಿಸಿದವನು. ಆದರೂ ಬರೆಯುತ್ತೇನೆ, ಯಾಕೆಂದರೆ ಈಗ ಅದೇ ಅಪರಾಧ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವನ ಕಾಲ ಬುಡದಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತವೆ. ಟೆಸ್ಟಿನ ದಿನ ಕಲಿಯುವವನು ಸ್ಟೀರಿಂಗ್ ಹಿಡಿದು ಕೂತಿರುತ್ತಾನೆ, ಕಾರನ್ನು ಕೆಳಗಿನಿಂದ ಮೇಷ್ಟರೇ ಓಡಿಸುತ್ತಿರುತ್ತಾನೆ. ಹೊರಗೆ ನಿಂತು ನೋಡುವ ಬ್ರೇಕ್ ಇನ್‌ಸ್ಪೆಕ್ಟರಿಗೆ ಅದು ಕಾಣುವುದಿಲ್ಲ, ಅಥವಾ ಕಾಣುವುದು ಬೇಕಾಗಿಲ್ಲ. ಅಪ್ಪ ಏನು ಮಾಡುತ್ತಾನೆ? ಮೇಷ್ಟರನ್ನು ಕೆಳಗಿಳಿಸುತ್ತಾನೆ. ತನ್ನ ಚಪ್ಪಲಿಯನ್ನು ಮೈದಾನದಲ್ಲೇ ಬಿಡುತ್ತಾನೆ. ಆ ಸೀಟಿನಲ್ಲಿ ಎರಡೂ ಕಾಲು ಮೇಲೆತ್ತಿ ಚಕ್ಕಳಮಕ್ಕಳ ಹಾಕಿ ಕೂರುತ್ತಾನೆ. ಆಮೇಲೆ ಹೇಳುತ್ತಾನೆ, "ನೋಡಿ, ನನ್ನ ಕಾಲು ಇಲ್ಲಿದೆ. ಕೆಳಗೆ ಯಾರೂ ಇಲ್ಲ. ಈಗ ನೀವುಂಟು, ರಸ್ತೆಯುಂಟು. ಹೊರಡಿ."

ಊರಿಗೆ ಊರೇ ಅವನನ್ನು ನೋಡಿ ನಗುತ್ತಿತ್ತು. ನಾನು ಶಾಲೆಗೆ ಹೋಗುವಾಗ ಮೈದಾನದ ಬೇಲಿಗೆ ಮುಖ ಒತ್ತಿ ನಿಂತು, "ಅದೋ ನಮ್ಮಪ್ಪ, ಕಾರಿನಲ್ಲಿ ಕಾಲು ಮಡಚಿ ಕೂತವನು" ಎಂದು ಗೆಳತಿಯರಿಗೆಲ್ಲ ತೋರಿಸುತ್ತಿದ್ದೆ. ಬೇರೆಯವರ ಕೋಣೆಯ ಗೋಡೆಯ ಮೇಲೆ ಹೀರೋಗಳ ಪೋಸ್ಟರ್ ಇದ್ದವು. ನನಗೆ ಆ ಖರ್ಚೂ ಇರಲಿಲ್ಲ.

ಆವತ್ತು ಶುಕ್ರವಾರ. ಒಬ್ಬಳು ಹುಡುಗಿ, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳಂತೆ, ಏರಿನಲ್ಲಿ ಕಾರು ನಿಲ್ಲಿಸಿ ಮತ್ತೆ ಹೊರಡಿಸುವ ಕಷ್ಟದಲ್ಲಿದ್ದಳು. ಗಂಟೆ ಮಾಮ ಕಿಟಕಿಯ ಹತ್ತಿರ ಹೋಗಿ ಲಕೋಟೆ ನೀಡಿದ. ಅಪ್ಪ ಅದನ್ನು ನೋಡಲೂ ಇಲ್ಲ.

"ಏರಿನಲ್ಲಿದೀವಿ, ಕಾಣ್ಸಲ್ವಾ? ಆಚೆ ನಿಲ್ಲು."

ಹುಡುಗಿ ಏರು ಹತ್ತಿದಳು, ಹಿಂದಕ್ಕೆ ತಂದಳು, ಗುರುತಿಗೆ ಇಟ್ಟ ಡ್ರಮ್ಮಿಗೆ ತಾಗಿಸದೆ ನಿಲ್ಲಿಸಿದಳು. ಅಪ್ಪ ಕೆಳಗಿಳಿದು ಚಪ್ಪಲಿ ಮೆಟ್ಟಿ, "ಪಾಸು. ಆದ್ರೆ ಉಸಿರು ಬಿಡಮ್ಮಾ, ಕಾರು ಓಡ್ಸೋವಾಗ ಉಸಿರಾಡ್ಬಾರ್ದು ಅಂತ ಕಾನೂನಿಲ್ಲ" ಅಂದನಂತೆ. ಅವಳು ನಕ್ಕಳು. ಆಮೇಲೆ ಅಪ್ಪ ಲಕೋಟೆ ತೆಗೆದುಕೊಂಡ, ಸ್ವೀಕೃತಿಗೆ ಸಹಿ ಹಾಕಿದ, ಓದಿದ. ಗಂಟೆ ಮಾಮ ಹೇಳುತ್ತಾನೆ, ಅಪ್ಪನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲವಂತೆ. ಕಾಗದವನ್ನು ಮಡಚಿ ಜೇಬಿಗೆ ಹಾಕಿ, "ಮುಂದಿನವ್ರು ಯಾರು?" ಎಂದು ಕೂಗಿದ.

ಗಂಟೆ ಮಾಮ ಮೆಲ್ಲಗೆ, "ಸಾರ್, ಈ ಕ್ಷಣದಿಂದ್ಲೇ ಅಂತ ಬರ್ದಿದೆ. ತಾವಿನ್ನು ಟೆಸ್ಟ್ ಮಾಡೋ ಹಾಗಿಲ್ಲ" ಅಂದ.

"ಇಷ್ಟು ಜನ ಬಿಸಿಲಲ್ಲಿ ನಿಂತಿದಾರಲ್ಲೋ."

"ತಾವು ಹಾಕಿದ ಸಹಿ ನಡೆಯಲ್ಲ ಸಾರ್."

ಆಗ ಅಪ್ಪನಿಗೆ ಹೊಳೆದದ್ದು ತನ್ನ ವಿಷಯ ಅಲ್ಲ. ಆ ಹುಡುಗಿಯ ಅರ್ಜಿಗೆ ಅವನಿನ್ನೂ ಸಹಿ ಹಾಕಿರಲಿಲ್ಲ. ಅವಳು ಪಾಸಾಗಿದ್ದಳು, ಪಾಸು ಮಾಡುವವನು ಇರಲಿಲ್ಲ. ಅವಳ ಮುಂದೆ ಹೋಗಿ, ಇನ್ನೊಮ್ಮೆ ಬರಬೇಕಾಗುತ್ತದಮ್ಮಾ, ತಪ್ಪು ನಿಂದಲ್ಲ, ಎಂದು ಹೇಳಬೇಕಾಯಿತು. ಅವಳು ಅಪ್ಪನನ್ನು ಹೇಗೆ ನೋಡಿರಬಹುದು ಹೇಳು. ದುಡ್ಡಿಗೆ ಕಾಯುವವನನ್ನು ನೋಡುವ ಹಾಗೆ. ಜೀವಮಾನದಲ್ಲಿ ಒಬ್ಬರಿಂದಲೂ ಆ ನೋಟ ಬೀಳದ ಹಾಗೆ ಬದುಕಿದವನಿಗೆ ಕೊನೆಯ ದಿನ, ಕೊನೆಯ ಟೆಸ್ಟಿನಲ್ಲಿ ಅದು ಸಿಕ್ಕಿತು. ಸಾಲಿನಲ್ಲಿದ್ದ ಒಬ್ಬ ಮಹಾಶಯ, "ಹಾಗಾದ್ರೆ ನಮ್ಗೆಲ್ಲ ಹಾಗೇ ಪಾಸಾ ಸಾರ್?" ಎಂದು ಕೇಳಿದನಂತೆ. ಅಪ್ಪ, "ಸೋಮವಾರ ಬನ್ನಿ, ಆಗಿರುತ್ತೆ" ಅಂದನಂತೆ.

ಆದೇಶವನ್ನು ನಾನು ಎಷ್ಟು ಸಲ ಓದಿದ್ದೇನೋ. ಒಂದೇ ಪುಟ. ಪರಿಶೀಲನಾ ಸಮಿತಿಯು ಸೇವಾ ದಾಖಲೆಗಳನ್ನು ಅವಲೋಕಿಸಿ, ಸಾರ್ವಜನಿಕ ಹಿತಾಸಕ್ತಿಯ ದೃಷ್ಟಿಯಿಂದ, ನೋಟಿಸಿಗೆ ಬದಲಾಗಿ ಮೂರು ತಿಂಗಳ ಸಂಬಳ ಕೊಟ್ಟು, ಈ ಕೂಡಲೇ ಜಾರಿಗೆ ಬರುವಂತೆ ಕಡ್ಡಾಯವಾಗಿ ನಿವೃತ್ತಿಗೊಳಿಸಲಾಗಿದೆ. ಮುಗಿಯಿತು. ಏನು ತಪ್ಪು, ಯಾರು ಹೇಳಿದ್ದು, ಯಾವಾಗ, ಏನೂ ಇಲ್ಲ. ಕಳ್ಳನನ್ನು ಹಿಡಿದರೂ ಏನು ಕದ್ದ ಎಂದು ಬರೆಯುತ್ತಾರೆ. ಕಾಸು ತಿಂದವರಿಗೆ ನೋಟಿಸು, ವಿಚಾರಣೆ, ವಕೀಲರು, ಎಲ್ಲ ಮರ್ಯಾದೆಯೂ ಸಿಗುತ್ತದೆ. ತಿನ್ನದವನಿಗೆ ಒಂದು ಪುಟ. ಸಾರ್ವಜನಿಕ ಅಂದರೆ ಯಾರು? ಔಷಧಿ ಅಂಗಡಿಯ ಹುಡುಗಿಯಾ? ರಸ್ತೆ ದಾಟುವ ಮುದುಕಿಯಾ? ಅವರನ್ನು ಯಾರು ಕೇಳಿದರು? ನನಗೆ ಆ ಪದದ ಕತ್ತಿನ ಪಟ್ಟಿ ಹಿಡಿದು ಅಲ್ಲಾಡಿಸಬೇಕು ಅನ್ನಿಸುತ್ತದೆ.

ಅಮ್ಮನಿಗೂ ಸಿಟ್ಟು, ಆದರೆ ಅವಳ ಸಿಟ್ಟಿನ ದಿಕ್ಕೇ ಬೇರೆ.

"ಇವ್ರ ಬಾಯಿಗೆ ಒಂದು ಬ್ರೇಕ್ ಇದ್ದಿದ್ರೆ ಇದ್ಯಾವ್ದೂ ಆಗ್ತಿರ್ಲಿಲ್ಲ" ಎಂದು ಪಾತ್ರೆ ಕುಕ್ಕುತ್ತಾ ಹೇಳುತ್ತಾಳೆ. "ಫೇಲ್ ಮಾಡು, ಬೇಡ ಅಂದೋರ್ಯಾರು. ಸುಮ್ನೆ ಫೇಲ್ ಮಾಡ್ಬೇಕು. ಆ ಕಂಟ್ರಾಕ್ಟರ್ ಮಗನಿಗೆ ಏನಂದ್ರು ಕೇಳು."

"ಏನಂದೆ ಅಪ್ಪ?"

"ನೀವು ಕಾರು ಓಡಿಸ್ತಿಲ್ಲ, ಕಾರು ನಿಮ್ಮನ್ನ ಓಡಾಡಿಸ್ತಿದೆ, ಕತ್ತಿಗೊಂದು ಹಗ್ಗ ಹಾಕಿದ್ರೆ ಪೂರ್ತಿ ಆಗುತ್ತೆ ಅಂದೆ. ಅದ್ರಲ್ಲೇನು ತಪ್ಪು?"

"ನೋಡಿದ್ಯಾ?" ಎಂದು ಅಮ್ಮ ನನ್ನ ಕಡೆ ತಿರುಗುತ್ತಾಳೆ.

ನೋಡಿದ್ದೇನೆ. ಅಪ್ಪ ದೇವರಲ್ಲ. ಅವನ ನಾಲಿಗೆಗೆ ಲೈಸೆನ್ಸ್ ಯಾರೂ ಕೊಡುತ್ತಿರಲಿಲ್ಲ. ಆದರೆ ನಾಲಿಗೆ ಹರಿತ ಇದ್ದವರನ್ನೆಲ್ಲ ಮನೆಗೆ ಕಳಿಸುವುದಾದರೆ ಸರ್ಕಾರಿ ಕಚೇರಿಯ ಕಿಟಕಿಗಳ ಹಿಂದೆ ಯಾರು ಉಳಿಯುತ್ತಾರೆ?

ಇನ್ನು ನಮ್ಮ ಮನೆಯವರ ಗ್ರೂಪು. ನೀನೂ ಇದ್ದೀಯಲ್ಲ, ನೋಡಿದ್ದೀಯ. ದೊಡ್ಡಪ್ಪ ಮೊದಲು ಹೂಗುಚ್ಛದ ಚಿತ್ರ ಹಾಕಿದರು: "ಹ್ಯಾಪಿ ರಿಟೈರ್ಮೆಂಟ್ ತಮ್ಮಾ, ಎರಡನೇ ಇನ್ನಿಂಗ್ಸ್ ಶುರು." ಅದರ ಹಿಂದೆ ಸೋದರತ್ತೆ, ಸೋದರಮಾವ, ಚಿಕ್ಕಪ್ಪ, ಯಾರದೋ ಮದುವೆಯಲ್ಲಿ ಸೇರಿಕೊಂಡು ಇನ್ನೂ ಹೊರಗೆ ಹೋಗದ ಆ ಫೋಟೋಗ್ರಾಫರ್, ಎಲ್ಲರೂ ಹೂವು, ಚಪ್ಪಾಳೆ, ಕೇಕು. ನಾನು ಬರೆದೆ: "ಇದು ನಿವೃತ್ತಿ ಅಲ್ಲ, ಅಪ್ಪನನ್ನು ಹೊರಗೆ ಹಾಕಿದ್ದಾರೆ." ಹತ್ತು ನಿಮಿಷ ಬಿಟ್ಟು ಸೋದರತ್ತೆ ಕೈಮುಗಿದ ಚಿತ್ರ ಹಾಕಿದರು. ಅದರ ಮೇಲೆ ಚಿಕ್ಕಪ್ಪ ಮೊಳಕೆ ಕಾಳಿನ ಆರೋಗ್ಯ ಲಾಭಗಳನ್ನು ಫಾರ್ವರ್ಡ್ ಮಾಡಿ ವಿಷಯ ಮುಗಿಸಿದರು. ನೀನು ಏನೂ ಬರೆಯಲಿಲ್ಲ. ನೀನು ನೊಂದುಕೊಂಡು ಸುಮ್ಮನಿದ್ದೀಯ ಅಂದುಕೊಂಡೆ. ಹಾಗೆ ಅಂದುಕೊಂಡೆ ಎಂದು ಇಲ್ಲಿ ಬರೆದಿಡುತ್ತಿದ್ದೇನೆ.

ದೊಡ್ಡಪ್ಪ ಫೋನ್ ಕೂಡ ಮಾಡಿದರು. "ಪಿಂಚಣಿ ಬರುತ್ತಲ್ಲಮ್ಮ, ಮತ್ತೇನು? ಆರಾಮಾಗಿ ಕಾಲು ಚಾಚ್ಕೊಂಡು ಇರೋಕೆ ಹೇಳು."

"ದೊಡ್ಡಪ್ಪ, ನಾಳೆ ನಿಮ್ಮನ್ನ ಮನೆಯಿಂದ ಆಚೆ ಹಾಕಿ ಊಟಾನ ಬಾಗಿಲಿಗೇ ತಂದ್ಕೊಟ್ರೆ ಆರಾಮಾಗಿರ್ತೀರಾ?"

"ನಿಮ್ಮಪ್ಪನ ಬಾಯೇ ನಿಂಗೂ ಬಂದಿದೆ" ಎಂದು ಇಟ್ಟುಬಿಟ್ಟರು. ಬಂದಿದ್ದರೆ ಒಳ್ಳೆಯದೇ.

ಹೋದ ವಾರ ನಾನು ಅಪ್ಪನನ್ನು ಹೊರಡಿಸಿಕೊಂಡು ದೊಡ್ಡ ಕಚೇರಿಗೆ ಹೋಗಿದ್ದೆ. ಎರಡನೇ ಮಹಡಿ, ಉದ್ದದ ಕೋಣೆ, ಎಲ್ಲ ಕುರ್ಚಿಗಳ ಮೇಲೂ ಫೈಲು. ವಿಭಾಗದ ಅಧಿಕಾರಿ ಅಪ್ಪನಿಗಿಂತ ತುಂಬ ಚಿಕ್ಕವರು, ಮೃದು ಮಾತಿನವರು. "ಕೂತ್ಕೊಳ್ಳಿ ಸಾರ್, ಕೂತ್ಕೊಳಮ್ಮ" ಅಂದರು. ಕೂರಲು ಜಾಗ ಇರಲಿಲ್ಲ. ಅವರು ಅದನ್ನು ಗಮನಿಸಲೂ ಇಲ್ಲ. ನಾವು ನಿಂತೇ ಇದ್ದೆವು.

"ಇದು ಶಿಕ್ಷೆ ಅಲ್ಲಮ್ಮ" ಅಂದರು. "ದಯವಿಟ್ಟು ಹಾಗೆ ತಿಳ್ಕೋಬೇಡಿ. ಯಾವ ಕಪ್ಪು ಚುಕ್ಕೆನೂ ಇಲ್ಲ."

"ಶಿಕ್ಷೆ ಅಲ್ಲ ಅಂದ್ರೆ ಬಹುಮಾನಾನಾ ಸಾರ್?"

"ನೀನು ಸುಮ್ನಿರು" ಅಂದ ಅಪ್ಪ.

"ನೋಡಿ, ಐವತ್ತು ದಾಟಿದ ಮೇಲೆ ಎಲ್ಲರ ದಾಖಲೆನೂ ಸಮಿತಿ ನೋಡುತ್ತೆ. ತಂದೆಯವ್ರ ಕೇಂದ್ರದಲ್ಲಿ ಪಾಸಾಗೋರ ಪ್ರಮಾಣ ಎಲ್ಲಕ್ಕಿಂತ ಕಮ್ಮಿ. ಜನ ಮತ್ತೆ ಮತ್ತೆ ಬರ್ಬೇಕು, ಸಾಲು ಬೆಳೆಯುತ್ತೆ, ಅರ್ಜಿ ಬಾಕಿ ಬೀಳುತ್ತೆ. ಅದು ದಕ್ಷತೆ ಕಮ್ಮಿ ಅಂತ ಲೆಕ್ಕ. ಮೇಲೆ ದೂರುಗಳು." ಅವರು ಫೈಲು ತಿರುವಿದರು. ಹೇಳಲು ಅವರಿಗೇ ಮುಜುಗರವಾಯಿತು. "ಭಂಗಿ ಬಗ್ಗೆ ಕೂಡ ಇದೆ."

"ಏನು ಭಂಗಿ?" ಅಂದ ಅಪ್ಪ.

"ಕರ್ತವ್ಯದ ಸಮಯದಲ್ಲಿ ಬರಿಗಾಲಲ್ಲಿ, ಸೀಟಿನ ಮೇಲೆ ಕಾಲು ಮಡಚ್ಕೊಂಡು, ಹುದ್ದೆಯ ಘನತೆಗೆ ಕುಂದು ಬರುವ ರೀತಿ ಕೂರ್ತಾರೆ ಅಂತ. ಡ್ರೈವಿಂಗ್ ಸ್ಕೂಲಿನವ್ರ ಸಂಘದಿಂದ ಬಂದಿರೋದು. ಫೋಟೋನೂ ಇದೆ."

ಅಪ್ಪ ಫೋಟೋ ನೋಡಿ, "ನನ್ನದೊಂದು ಒಳ್ಳೆ ಫೋಟೋನೇ ಇರ್ಲಿಲ್ಲ. ಇದ್ರ ಪ್ರತಿ ಕೊಡ್ತೀರಾ?" ಅಂದ. ಅಧಿಕಾರಿಗೆ ನಗು ಬಂತು, ತಡೆದುಕೊಂಡರು.

ಆಮೇಲೆ ಅವರು ಸ್ವಲ್ಪ ಮುಂದಕ್ಕೆ ಬಾಗಿದರು. ಮನಸ್ಸಿನಲ್ಲಿ ಕೆಟ್ಟವರಲ್ಲ. "ಸಾರ್, ಒಂದು ಮಾತು. ಗಡುವಿನೊಳಗೆ ಮನವಿ ಕೊಡಿ. ಸಮಿತಿ ಇನ್ನೊಮ್ಮೆ ನೋಡ್ಲೇಬೇಕು. ಹಿಂದೆ ಎರಡು ಆದೇಶ ವಾಪಸ್ ತಗೊಂಡಿದಾರೆ. ಒಂದೇ ಒಂದು ಸಾಲು ಸೇರ್ಸಿ, ಇನ್ನು ಮುಂದೆ ಕಾಲು ಕೆಳಗಿಟ್ಕೊಂಡು ಕೂರ್ತೀನಿ ಅಂತ. ಅಷ್ಟೇ."

"ಕಾಲು ಕೆಳಗಿಟ್ರೆ ಬ್ರೇಕ್ ಒತ್ತೋದು ನಾನಾಗ್ತೀನಿ. ಕಾಲು ಸುಮ್ನಿರಲ್ಲ ಸಾರ್, ಅದಕ್ಕೆ ಜೀವಭಯ. ಆಮೇಲೆ ಲೈಸೆನ್ಸು ನಂಗೇ ಕೊಡ್ಬೇಕಾಗುತ್ತೆ. ನನ್ನತ್ರ ಒಂದಿದೆ."

ನನಗೆ ಅಲ್ಲೇ ಚಪ್ಪಾಳೆ ತಟ್ಟಬೇಕು ಅನ್ನಿಸಿತು. ಅಲ್ಲೇ ಅಪ್ಪನ ಬಾಯಿ ಮುಚ್ಚಬೇಕು ಅಂತಲೂ ಅನ್ನಿಸಿತು. ಮೆಟ್ಟಿಲಿಳಿಯುವಾಗ ಕೇಳಿದೆ, ಅಪ್ಪ, ನಿನಗೆ ಕೆಲಸ ವಾಪಸ್ ಬೇಕಾ, ಬೇಡವಾ, ನನ್ನ ಹತ್ತಿರ ನಿಜ ಹೇಳು. ಅಪ್ಪ ಕೈಗಂಬಿ ಹಿಡಿದು ನಿಂತ.

"ಬೇಕು ಮಗಳೇ" ಅಂದ. "ಪಿಂಚಣಿ ಸಾಕಾಗುತ್ತೆ, ಅದಲ್ಲ. ಆ ಹುಡುಗಿ ಅರ್ಜಿಗೆ ಸಹಿ ಹಾಕ್ಬೇಕಿತ್ತು. ಒಳ್ಳೆ ಓಡಿಸ್ತಿದ್ಲು."

ಅವನು ಹಾಗೆ ಬಾಯಿ ಬಿಟ್ಟು "ಬೇಕು" ಎಂದು ಕೇಳಿದ್ದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ಊಟಕ್ಕೆ ಉಪ್ಪು ಕಮ್ಮಿಯಾದರೂ ಕೇಳದವನು.

ಮನವಿ ಬರೆಯಲು ಕೂತೆವು. ನಾನು ಮೊದಲು ಬರೆದದ್ದನ್ನು ಓದಿ ಅಪ್ಪ ಕನ್ನಡಕ ತೆಗೆದ.

"ಇದೇನಿದು, ಸಮಿತಿಯವ್ರಿಗೆ ಬೈದಿದೀಯಾ?"

"ಇದ್ದದ್ದು ಬರ್ದಿದೀನಿ."

"ನಿನ್ನ ಮೆಸೇಜಲ್ಲಿ ಹೀಗೆ ಬರೀ. ಇಲ್ಲಿ 'ಮಾನ್ಯರೇ' ಅಂತ ಶುರು ಮಾಡ್ಬೇಕು. ಪ್ರತಿ ಸಾಲಲ್ಲೂ ಸಿಟ್ಟು ಇದ್ರೆ ಓದೋನಿಗೆ ಯಾವ ಸಾಲಲ್ಲಿ ಅಂತ ಗೊತ್ತಾಗಲ್ಲ."

ಮತ್ತೆ ಬರೆದೆ. ಮಾನ್ಯರೇ ಎಂದು ಹಲ್ಲು ಕಚ್ಚಿಕೊಂಡು ಬರೆದೆ. ಫೇಲಾದವರ ಪ್ರಮಾಣ ಹೆಚ್ಚು ಅಂದಿರಿ, ನಮ್ಮ ಮೈದಾನದಲ್ಲಿ ಪಾಸಾದವರು ಮಾಡಿದ ಅಪಘಾತಗಳು ಎಷ್ಟು ಎಂದು ಯಾರಾದರೂ ನೋಡಿದ್ದೀರಾ ಎಂದು ಕೇಳಿದೆ. ಕಾಲು ಮಡಚುವುದು ಯಾಕೆ ಎಂದು ವಿವರಿಸಿದೆ. ಕಾಲು ಕೆಳಗಿಡುತ್ತೇನೆ ಎಂಬ ಸಾಲನ್ನು ಸೇರಿಸಲಿಲ್ಲ, ಅಪ್ಪ ಬಿಡಲಿಲ್ಲ. ಆಮೇಲೆ ನನಗೊಂದು ಉಪಾಯ ಹೊಳೆಯಿತು. ಇದರಲ್ಲಿ ನೀನಿದ್ದೀಯ.

ನೆನಪಿದೆಯಲ್ಲ, ನೀನು ಕಾರು ಕೊಂಡ ಹೊಸತು. ನಿಮ್ಮ ಊರಿಗೂ ಇದೇ ಕಚೇರಿ, ಅದರಲ್ಲಿ ಇರುವುದೇ ಒಬ್ಬ ಇನ್‌ಸ್ಪೆಕ್ಟರು, ಅವನೇ ನಿನ್ನ ಮಾವ. ನೀನು ತೋಳು ಮಡಚಿ, ಹೊಸ ಕನ್ನಡಕ ಹಾಕಿ, ಮದುಮಗನ ಹಾಗೆ ಬಂದಿದ್ದೆ. ಇಡೀ ಮೈದಾನ ನೋಡುತ್ತಿತ್ತು. ಹಿಂದಕ್ಕೆ ತರುವಾಗ ಹಿಂದೆ ನೋಡದೆ, ಕನ್ನಡಿಯನ್ನೂ ನೋಡದೆ, ಅಪ್ಪನಿಗೆ ನಿನ್ನ ಬಾಸಿನ ಕಥೆ ಹೇಳುತ್ತಾ ಡ್ರಮ್ಮನ್ನು ಉರುಳಿಸಿದೆ. ಅಪ್ಪ ಕಾಲು ಬಿಚ್ಚಿ ಇಳಿದು, "ಅಳಿಯಂದ್ರೆ, ಕಥೆ ಚೆನ್ನಾಗಿತ್ತು. ಮುಂದಿನ ತಿಂಗಳು ಬನ್ನಿ" ಅಂದ. ಮುಂದಿನ ತಿಂಗಳು ಕಥೆ ಹೇಳಲಿಲ್ಲ, ಡ್ರಮ್ಮು ಮಾತ್ರ ಮತ್ತೆ ಉರುಳಿತು. ಆವತ್ತು ರಾತ್ರಿ ಊಟಕ್ಕೆ ಕೂತಾಗ ನೀನೇ ಎಲ್ಲರಿಗಿಂತ ಜೋರಾಗಿ ನಕ್ಕೆ. ಮನೆಗೆ ವಾಪಸ್ ಹೋಗುವಾಗ ಬಸ್ಸಿನಲ್ಲಿ ಮಾತಾಡಲಿಲ್ಲ. ಮೂರನೇ ಸಲ ಹೋಗಲೇ ಇಲ್ಲ. ಕಾರು ಹೊದಿಕೆ ಹೊದ್ದು ಮನೆ ಮುಂದೆ ನಿಂತಿತು, ಯಾರಾದರೂ ಗೆಳೆಯ ಬಂದರೆ ಹೊರಗೆ ಬರುತ್ತಿತ್ತು.

ನನ್ನ ಉಪಾಯ ಇದು: "ನನ್ನ ಸ್ವಂತ ಅಳಿಯನನ್ನೂ ಎರಡು ಬಾರಿ ಅನುತ್ತೀರ್ಣಗೊಳಿಸಿದ್ದೇನೆ" ಎಂದು ಒಂದು ಸಾಲು. ಪಕ್ಷಪಾತ ಇಲ್ಲ, ಯಾರ ಮೇಲೂ ಹಗೆ ಇಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಏನು ಬೇಕು? ನಾನಂತೂ ಕುಣಿದಾಡಿಬಿಟ್ಟೆ. ಅಪ್ಪ ಪೆನ್ನು ತೆಗೆದುಕೊಂಡು ಆ ಸಾಲನ್ನು ಹೊಡೆದು ಹಾಕಿದ.

"ಯಾಕಪ್ಪ? ಇದೊಂದೇ ಸಾಕು ಗೆಲ್ಲೋಕೆ."

"ಅಳಿಯಂದ್ರ ಮಾನ ಯಾಕೆ ಸರ್ಕಾರಿ ಫೈಲಿಗೆ ಹಾಕೋದು? ಅದು ಒಂದ್ಸಲ ಒಳಗೆ ಹೋದ್ರೆ ಮೂವತ್ತು ವರ್ಷ ಇರುತ್ತೆ. ಯಾರ್ಯಾರೋ ಓದಿ ನಗ್ತಾರೆ. ಅವ್ರು ಮನೆ ಮಗ ಇದ್ದ ಹಾಗೆ."

ಆ ಸಾಲು ತೆಗೆದು ಮತ್ತೆ ಟೈಪ್ ಮಾಡಿಸಿದೆ.

ಇಷ್ಟು ನಡೆದದ್ದು ಶನಿವಾರದವರೆಗೆ. ಭಾನುವಾರ, ಅಂದರೆ ನಿನ್ನೆ, ಮಧ್ಯಾಹ್ನ ಸಹಿ ಹಾಕುವುದು ಎಂದಿತ್ತು. ಸೋಮವಾರ ನಾನೇ ಹೋಗಿ ಕೊಟ್ಟು ಮೊಹರು ಹಾಕಿಸಿಕೊಂಡು ಬರುವುದು, ಸಂಜೆ ಬಸ್ಸಿಗೆ ನಿನ್ನ ಹತ್ತಿರ ಹೊರಡುವುದು. ಈಗ ಸೋಮವಾರ. ಮನವಿಯ ಮೂರೂ ಪ್ರತಿಗಳು ಇದೇ ಮೇಜಿನ ಮೇಲೆ ಇವೆ. ಅಪ್ಪ ಹಿತ್ತಿಲಿನಲ್ಲಿ ನಲ್ಲಿಯ ವಾಷರ್ ಬದಲಿಸುತ್ತಿದ್ದಾನೆ. ನಲ್ಲಿ ಸೋರುತ್ತಿರಲಿಲ್ಲ. ಮಗಳು ಪಕ್ಕದಲ್ಲಿ ಕೂತು ಸ್ಕ್ರೂ ಹಿಡಿದುಕೊಂಡು, "ತಾತ, ನೀನು ಯಾವಾಗ ಕಾರು ಆಫೀಸಿಗೆ ಹೋಗ್ತೀಯ?" ಎಂದು ಕೇಳುತ್ತಿದ್ದಾಳೆ. ಅಮ್ಮ ಮೂರು ಸಲ ಬಂದು ಕಾಗದ ನೋಡಿಕೊಂಡು ಹೋದಳು. ನಿನ್ನೆಯಿಂದ ಅವಳು ಅಪ್ಪನ ಬಾಯಿಯ ಬಗ್ಗೆ ಒಂದು ಮಾತೂ ಆಡಿಲ್ಲ. ಆಡಿದರೆ ಚೆನ್ನಾಗಿತ್ತು.

ಕಾಗದವನ್ನು ಈಗಲೇ ಕೊರಿಯರಿಗೆ ಹಾಕುತ್ತೇನೆ, ನಾಳೆ ನಿನ್ನ ಕೈ ಸೇರುತ್ತದೆ. ಅತ್ತೆಗೆ ನಮಸ್ಕಾರ ಹೇಳು, ಅವರ ಮಾತ್ರೆ ಮುಗಿಯುತ್ತಾ ಬಂದಿರಬೇಕು, ತಂದಿಡು. ಗ್ಯಾಸ್ ಬುಕ್ ಮಾಡು. ಅಮ್ಮ ನಿನಗೆ ಆಶೀರ್ವಾದ ತಿಳಿಸಿದ್ದಾಳೆ. ಅಪ್ಪನಿಗೂ ಕೇಳಿದೆ, ಅಳಿಯಂದ್ರಿಗೆ ಏನು ಬರೆಯಲಿ ಎಂದು. "ಚೆನ್ನಾಗಿರ್ಲಿ ಅಂತ ಬರೀ" ಅಂದ. ಬರೆದಿದ್ದೇನೆ. ಚೆನ್ನಾಗಿರು.

ಇಂತಿ ನಿನ್ನ,
ಮೊಂಡಿ

ಮರೆತ ಮಾತು: ಮರೆತದ್ದಲ್ಲ. ಬರೆಯಲು ಕೈ ಬಾರದೆ ಉಳಿದದ್ದು.

ನಿನ್ನೆ ಮಧ್ಯಾಹ್ನ ಅಪ್ಪ ಪೆನ್ನಿನ ಮುಚ್ಚಳ ತೆಗೆದ. ಆದೇಶದ ದಿನಾಂಕ ಸರಿ ಇದೆಯಾ ಎಂದು ನೋಡಲು ಫೋನಿನಲ್ಲಿ ಅದರ ಫೋಟೋ ತೆಗೆದಿಟ್ಟುಕೊಂಡಿದ್ದ, ಫೋನು ಕೈಯಲ್ಲಿತ್ತು. ಆಗ ಮನೆಯವರ ಗ್ರೂಪಿನಲ್ಲಿ ನಿನ್ನ ಫೋಟೋ ಬಂತು. ನೀನು ನಮ್ಮ ಮೈದಾನದಲ್ಲಿ ನಿಂತಿದ್ದೀಯ. ಹಿಂದೆ ಡ್ರಮ್ಮು. ಕೈಯಲ್ಲಿ ಲೈಸೆನ್ಸು. ಕೆಳಗೆ ಬರೆದಿತ್ತು: "ಮುದುಕ ಹೋದ, ಲೈಸೆನ್ಸ್ ಬಂತು. ಪಾರ್ಟಿ ಯಾವಾಗ?"

ನಿನ್ನ ಗೆಳೆಯರ ಗ್ರೂಪಿಗೆ ಹಾಕಲು ಹೋಗಿದ್ದೆ, ಇಲ್ಲಿ ಬಿತ್ತು. ಎರಡು ನಿಮಿಷದಲ್ಲಿ ಅಳಿಸಿದೆ. ಅದರ ಮೇಲೊಂದು ಸೂರ್ಯೋದಯದ ಚಿತ್ರ ಹಾಕಿ ಶುಭ ಭಾನುವಾರ ಅಂದೆ, ಮಧ್ಯಾಹ್ನ ಮೂರು ಗಂಟೆಗೆ. ಯಾರೂ ನೋಡಲಿಲ್ಲ ಅಂದುಕೊಂಡೆಯಲ್ಲ? ಅಪ್ಪ ನೋಡಿದ. ನಾನು ಅವನ ಭುಜದ ಹಿಂದೆ ನಿಂತಿದ್ದೆ, ನಾನೂ ನೋಡಿದೆ. ಅಮ್ಮ ಅಡುಗೆಮನೆಯಲ್ಲಿ ತನ್ನ ಫೋನಿನಲ್ಲಿ ನೋಡಿದಳು.

ಹೊಸ ಇನ್‌ಸ್ಪೆಕ್ಟರು ಹೊರಗೆ ನಿಂತು ಪಾಸು ಮಾಡುತ್ತಾನೆ ಎಂದು ಊರಿಗೆಲ್ಲ ಗೊತ್ತು. ನೀನು ಅವನ ಹತ್ತಿರ ಹೋಗಿದ್ದಕ್ಕೆ ನನಗೆ ಇಷ್ಟು ಸಿಟ್ಟಿಲ್ಲ. ಆ ಮೈದಾನದಿಂದ ಈ ಮನೆಗೆ ನಡೆದು ಬರುವಷ್ಟೇ ದೂರ. ಇಲ್ಲಿ ನಿನ್ನ ಹೆಂಡತಿ ಇದ್ದಳು, ಮಗಳಿದ್ದಳು, ಮಾವನಿದ್ದ. ಬಂದೆ, ತೆಗೆದುಕೊಂಡೆ, ಹೋದೆ. ಅದೇ ವಾರ ನಾನು ಮಾನ್ಯರೇ ಎಂದು ಹಲ್ಲು ಕಚ್ಚುತ್ತಿದ್ದೆ, ಅಪ್ಪ ನಿನ್ನ ಮಾನ ಉಳಿಸಲು ಗೆಲ್ಲುವ ಸಾಲು ಹೊಡೆದು ಹಾಕುತ್ತಿದ್ದ.

ಅಪ್ಪ ಪೆನ್ನಿಗೆ ಮುಚ್ಚಳ ಹಾಕಿದ. "ಅಳಿಸ್ಬಿಟ್ಟಿದಾರೆ ಪಾಪ. ನೀನು ಕೇಳೋಕೆ ಹೋಗ್ಬೇಡ" ಅಂದ.

ಸಹಿ ಹಾಕಪ್ಪ ಅಂದೆ. ಕಾಲು ಹಿಡಿದುಕೊಂಡು ಕೇಳಿದೆ.

"ಯಾರ ವಿರುದ್ಧ ಹಾಕ್ಲಿ ಮಗಳೇ? ಸಾರ್ವಜನಿಕರ ಹಿತ ಅಂತ ಬರ್ದಿದಾರೆ. ಸಾರ್ವಜನಿಕ ಅಂದ್ರೆ ಇನ್ಯಾರು, ನಮ್ಮನೆಯವ್ರೇ ತಾನೆ. ಅವ್ರಿಗೆ ಅನುಕೂಲ ಆಗಿದೆಯಲ್ಲ."

ಸಮಿತಿಯ ಆದೇಶವನ್ನು ಅಪ್ಪ ಒಂದು ದಿನವೂ ನಂಬಿರಲಿಲ್ಲ. ನಿನ್ನೆಯಿಂದ ನಂಬಿದ್ದಾನೆ. ಅದನ್ನು ಅವನು ನಂಬುವ ಹಾಗೆ ಮಾಡಿದ್ದು ನೀನು.

ಗುರುವಾರದೊಳಗೆ ಬಂದು ಅವನ ಎದುರಿಗೆ ಕೂರು. ನಾನು ಅಡುಗೆಮನೆಯಲ್ಲಿರುತ್ತೇನೆ, ಅಡ್ಡ ಬರುವುದಿಲ್ಲ. ಏನು ಹೇಳುತ್ತೀಯೋ ನಿನಗೆ ಬಿಟ್ಟದ್ದು. ಅವನು ಸಹಿ ಹಾಕಿದರೆ ಶುಕ್ರವಾರ ಮನವಿ ಕೊಟ್ಟು ನಾನೂ ಮಗಳೂ ನಿನ್ನ ಜೊತೆ ಹೊರಡುತ್ತೇವೆ. ಹಾಕದಿದ್ದರೆ ಇಲ್ಲೇ ಹತ್ತಿರದ ಶಾಲೆಯಲ್ಲಿ ಅವಳಿಗೆ ಸೀಟು ಇದೆಯಾ ಎಂದು ಕೇಳಿಕೊಂಡು ಬರುತ್ತೇನೆ.

ಬರುವುದಾದರೆ ಬಸ್ಸಿನಲ್ಲಿ ಬಾ.